ದಿನಕ್ಕೊಂದು ವಿಘಳಿಗೆಯ ತಪ್ಪು

ಮಾನ್ವಿಯಲ್ಲಿ ಶುಶ್ರೂಷಕಿಯಾಗಿ ಕೆಲಸಕ್ಕೆ ಸೇರಿದ ನನ್ನ ತಮ್ಮನ ಮಗಳು, ಮೊದಲ ಕೆಲವು ತಿಂಗಳ ಸಂಬಳದಲ್ಲಿ ಉಳಿಸಿದ ಹಣ ಹಿಡಿದುಕೊಂಡು ರಾಯಚೂರಿಗೆ ಬಂದು ಒಂದು ಆಟೊಮ್ಯಾಟಿಕ್ ಕೈಗಡಿಯಾರ ಕೊಂಡಳು. ಅಂಗಡಿಯವರು 'ಇದಕ್ಕ ಬ್ಯಾಟರಿ ಬ್ಯಾಡ, ಕೀಲಿ ಬ್ಯಾಡ, ಒಂದು ಸೆಕೆಂಡ್ ಸುದ್ದಾ ಆಚೀಚೆ ಆಗಂಗಿಲ್ಲ' ಎಂದು ಹೇಳಿ ಕಳುಹಿಸಿದ್ದರಂತೆ. ತಿಂಗಳು ತುಂಬುವ ಹೊತ್ತಿಗೆ ಅದು 9 ನಿಮಿಷ ಮುಂದೆ ಓಡಿತ್ತು. ಮರಳಿ ಅಂಗಡಿಗೆ ಒಯ್ದರೆ, 'ಪೀಸು ಡಿಫೆಕ್ಟ್ ಇರಬಹುದು, ಬೆಂಗಳೂರಿಗೆ ಕಳಿಸಬೇಕು, ಎರಡು ತಿಂಗಳಾದರೂ ಆದೀತು' ಎಂಬ ಉತ್ತರ ಸಿಕ್ಕಿತು. ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಹಣ ಹೋಯಿತೆಂಬ ಸಂಕಟಕ್ಕಿಂತ ಬೇರೊಂದು ಆತಂಕ ಅವಳನ್ನು ಕಾಡುತ್ತಿತ್ತು. 'ದೊಡ್ಡಪ್ಪ, ಇದನ್ನು ನೋಡಿಯೇ ಒಂದು ತಿಂಗಳು ರೋಗಿಗಳ ನಾಡಿ ಎಣಿಸಿದ್ದೇನೆ. ಆ ಲೆಕ್ಕವೆಲ್ಲ ತಪ್ಪಾಗಿದೆಯೇ?' ಎಂದು ಕೇಳಿದಳು.

ಈ ಪ್ರಶ್ನೆ ನನ್ನನ್ನು ಒಂದು ಕ್ಷಣ ತಬ್ಬಿಬ್ಬು ಮಾಡಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. 30 ದಿನಕ್ಕೆ 9 ನಿಮಿಷವೆಂದರೆ ದಿನಕ್ಕೆ 18 ಸೆಕೆಂಡು. ಒಂದು ದಿನಕ್ಕೆ 86,400 ಸೆಕೆಂಡುಗಳು. ಅವಳು ನಾಡಿ ನೋಡುವುದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಈ ಗಡಿಯಾರ ಮಾಡುವ ತಪ್ಪು ಒಂದು ಸೆಕೆಂಡಿನ 160ನೇ ಒಂದು ಭಾಗ. ನಿಮಿಷಕ್ಕೆ 80 ಸಲ ಮಿಡಿಯುವ ನಾಡಿಯ ಎಣಿಕೆಯಲ್ಲಿ ಅದರಿಂದ ಆಗುವ ವ್ಯತ್ಯಾಸ ಒಂದು ಮಿಡಿತದ 60ನೇ ಒಂದು ಭಾಗ. ಅಷ್ಟನ್ನು ಗುರುತಿಸುವ ಬೆರಳು ಯಾವ ವೈದ್ಯರಿಗೂ ಇಲ್ಲ. ಯಾವ ರೋಗಿಗೂ ಅವಳಿಂದ ಅನ್ಯಾಯವಾಗಿರಲಿಲ್ಲ. ಇಷ್ಟು ಹೇಳಿದ ಮೇಲೆಯೇ ಆ ಹುಡುಗಿ ಚಹಾ ಕುಡಿದದ್ದು.

ಆದರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಅಂಗಡಿಯವರು ಮೊದಲ ದಿನ ಹೇಳಿದ್ದೂ ಸುಳ್ಳು, ತಿಂಗಳ ನಂತರ ಹೇಳಿದ್ದೂ ಸುಳ್ಳು. ಒಂದು ಸೆಕೆಂಡೂ ಆಚೀಚೆ ಆಗದ ಆಟೊಮ್ಯಾಟಿಕ್ ಗಡಿಯಾರ ಜಗತ್ತಿನಲ್ಲಿಲ್ಲ. ದಿನಕ್ಕೆ 18 ಸೆಕೆಂಡು ಮುಂದೆ ಓಡುವುದು ಆ ಬೆಲೆಯ ಗಡಿಯಾರದಲ್ಲಿ ದೋಷವೂ ಅಲ್ಲ. ಅದರ ಒಳಗೆ ಕುಳಿತಿರುವ ಜಪಾನಿ ಯಂತ್ರವನ್ನು ತಯಾರಿಸಿದವರೇ ದಿನಕ್ಕೆ 20 ಸೆಕೆಂಡು ಹಿಂದೆ ಬಿದ್ದರೂ, 40 ಸೆಕೆಂಡು ಮುಂದೆ ಓಡಿದರೂ ಅದು ಸರಿಯಾದ ಗಡಿಯಾರವೆಂದು ತಮ್ಮ ತಾಂತ್ರಿಕ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ಸೀಕೊ ಸಮೂಹದ ಎನ್‌ಎಚ್ 35 ಯಂತ್ರಕ್ಕೂ ಸಿಟಿಜನ್ ಸಮೂಹದ ಮಿಯೋಟ 8200 ಸರಣಿಗೂ ಇದೇ ಮಾತು. ನಮ್ಮ ದೇಶದ ಹಲವು ಹೊಸ ಸಣ್ಣ ಕಂಪನಿಗಳು ತಮ್ಮ ಹೆಸರಿನ ಮುಖ ಹಚ್ಚಿ ಮಾರುವ ಗಡಿಯಾರಗಳ ಹೊಟ್ಟೆಯಲ್ಲೂ ಬಹಳ ಸಲ ಇವೇ ಇರುತ್ತವೆ. ಹಾಗೆಂದು ಪೆಟ್ಟಿಗೆಯ ಮೇಲೆ ಈ ಸಂಖ್ಯೆಯನ್ನು ಯಾರೂ ಅಚ್ಚು ಹಾಕುವುದಿಲ್ಲ. ನೀರು ಎಷ್ಟು ತಡೆಯುತ್ತದೆ, ಗಾಜು ಎಂಥದ್ದು, ಪಟ್ಟಿ ಯಾವ ಚರ್ಮದ್ದು ಎಂಬುದೆಲ್ಲ ದಪ್ಪ ಅಕ್ಷರದಲ್ಲಿರುತ್ತದೆ. ಗಡಿಯಾರ ಹೊತ್ತನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಮುಖ್ಯ ಸಂಗತಿ, ಇದ್ದರೆ, ಕೈಪಿಡಿಯ ಕೊನೆಯ ಪುಟದ ಇರುವೆ ಸಾಲಿನಂಥ ಅಕ್ಷರಗಳಲ್ಲಿ. ತಕ್ಕಡಿ ಮಾರುವವನು ತಕ್ಕಡಿಯ ತಪ್ಪನ್ನು ಮುಚ್ಚಿಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಈ ಯಂತ್ರ ಕೆಲಸ ಮಾಡುವ ಬಗೆ ತಿಳಿದರೆ 18 ಸೆಕೆಂಡಿನ ಮೇಲೆ ಸಿಟ್ಟು ಬರುವುದಿಲ್ಲ, ಬೆರಗೇ ಆಗುತ್ತದೆ. ಕೈ ಆಡಿದಂತೆಲ್ಲ ಒಳಗಿನ ಅರ್ಧಚಂದ್ರಾಕಾರದ ಲೋಹದ ತುಂಡೊಂದು ತಿರುಗಿ ಮುಖ್ಯ ಸ್ಪ್ರಿಂಗನ್ನು ಬಿಗಿಯುತ್ತದೆ. ಆ ಸ್ಪ್ರಿಂಗು ಬಿಚ್ಚಿಕೊಳ್ಳುವ ಶಕ್ತಿ ಹಲ್ಲಿನ ಚಕ್ರಗಳ ಮೂಲಕ ಹರಿದು ಒಂದು ಪುಟ್ಟ ತೋಲನ ಚಕ್ರವನ್ನು ಅತ್ತಿತ್ತ ತೂಗಾಡಿಸುತ್ತದೆ. ಆ ಚಕ್ರಕ್ಕೆ ಕೂದಲೆಳೆಯಷ್ಟು ತೆಳುವಾದ ಸುರುಳಿಯೊಂದು ಕಡಿವಾಣ. ಅವಳ ಗಡಿಯಾರದಲ್ಲಿ ಈ ಚಕ್ರ ಗಂಟೆಗೆ 21,600 ಸಲ, ಎಂದರೆ ಸೆಕೆಂಡಿಗೆ ಆರು ಸಲ ಮಿಡಿಯುತ್ತದೆ. ದಿನಕ್ಕೆ 5,18,400 ಮಿಡಿತಗಳು. 18 ಸೆಕೆಂಡು ಮುಂದೆ ಓಡುವ ಗಡಿಯಾರ ದಿನಕ್ಕೆ 108 ಮಿಡಿತ ಹೆಚ್ಚಿಗೆ ಮಿಡಿದಿರುತ್ತದೆ. ಐದು ಲಕ್ಷ ಜಪದಲ್ಲಿ ಒಂದು ಮಾಲೆ ಹೆಚ್ಚಾದಂತೆ! ನೂರು ಕಿಲೋಮೀಟರ್ ದೂರ ಅಳೆದು ಇಪ್ಪತ್ತೊಂದು ಮೀಟರ್ ತಪ್ಪಿದವನನ್ನು ನಾವು ದಡ್ಡನೆನ್ನುವುದಿಲ್ಲ.

ಹಾಗಾದರೆ ಹೆಚ್ಚು ಹಣ ಕೊಟ್ಟರೆ? ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷಾ ಸಂಸ್ಥೆ ಕೊಡುವ 'ಕ್ರೊನೊಮೀಟರ್' ಪ್ರಮಾಣಪತ್ರಕ್ಕೆ 15 ದಿನಗಳ ಪರೀಕ್ಷೆ ಇದೆ. ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಉಷ್ಣಾಂಶದಲ್ಲಿ ಯಂತ್ರವನ್ನಿಟ್ಟು ನೋಡುತ್ತಾರೆ. ಅಲ್ಲಿ ಪಾಸಾಗಲು ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಇದರೊಳಗೆ ಇರಬೇಕು. ಲಕ್ಷ ರೂಪಾಯಿ ದಾಟಿದ ಗಡಿಯಾರವೂ ತಿಂಗಳಿಗೆ ಎರಡು ಮೂರು ನಿಮಿಷ ತಪ್ಪಬಹುದು ಎಂದಾಯಿತು. (ರಾಯಚೂರಿನ ಬೇಸಿಗೆ 38 ಡಿಗ್ರಿಯನ್ನು ದಾಟಿ ಎಷ್ಟೋ ಮೇಲೆ ಹೋಗುತ್ತದೆಂಬುದು ಸ್ವಿಸ್ಸರಿಗೆ ತಿಳಿದಂತಿಲ್ಲ.) ಇತ್ತ ಕೆಲವೇ ನೂರು ರೂಪಾಯಿಯ ಕ್ವಾರ್ಟ್ಸ್ ಗಡಿಯಾರ ತಿಂಗಳಿಗೆ 15ರಿಂದ 20 ಸೆಕೆಂಡು ಮಾತ್ರ ತಪ್ಪುತ್ತದೆ. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ; ಆರು ಮಿಡಿತದ ಚಕ್ರ ಅದರೊಡನೆ ಸ್ಪರ್ಧಿಸಲಾರದು. 1969ರ ಡಿಸೆಂಬರಿನಲ್ಲಿ ಸೀಕೊ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ದಿನವೇ ನಿಖರತೆಯ ಪಂದ್ಯ ಮುಗಿದಿತ್ತು. ಆದ್ದರಿಂದ ನಿಖರತೆಯೊಂದೇ ಬೇಕೆನ್ನುವವರು ಆಟೊಮ್ಯಾಟಿಕ್ ಕೊಳ್ಳಲೇಬಾರದು. ಈ ಮಾತನ್ನು ಮೊದಲೇ ಹೇಳುವ ಅಂಗಡಿಯವನಿಗೆ ಒಂದು ಗಿರಾಕಿ ತಪ್ಪಬಹುದು, ಹತ್ತು ಗಿರಾಕಿಗಳ ವಿಶ್ವಾಸ ಉಳಿಯುತ್ತದೆ.

ನಮ್ಮ ಸೀಮೆಯಲ್ಲಿ 'ಸರಿಯಾದ ಹೊತ್ತು' ಎಂಬುದೇ ಈಚಿನದು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಜಿಐಪಿ ರೈಲುಮಾರ್ಗವೂ ಮದ್ರಾಸು ಕಡೆಯಿಂದ ಬಂದ ಮಾರ್ಗವೂ ಕೂಡಿದ್ದು ಇದೇ ರಾಯಚೂರಿನಲ್ಲಿ. ಮುಂಬಯಿಯ ಸ್ಥಳೀಯ ಸಮಯಕ್ಕೂ ಮದ್ರಾಸಿನದಕ್ಕೂ ಅರ್ಧ ಗಂಟೆಯ ಅಂತರ. ರಾಯಚೂರಿನ ಸೂರ್ಯ ಇವೆರಡಕ್ಕೂ ಸೇರಿದವನಲ್ಲ, ಮದ್ರಾಸಿಗಿಂತ 12 ನಿಮಿಷದಷ್ಟು ಹಿಂದಿನವನು. ಇಡೀ ದೇಶಕ್ಕೆ ಒಂದೇ ಹೊತ್ತು ಬಂದದ್ದು 1906ರ ಜನವರಿ 1ರಿಂದ. ಅದಕ್ಕೆ ಆಧಾರವಾದ 82 ಡಿಗ್ರಿ 30 ಮಿನಿಟಿನ ರೇಖಾಂಶ ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುತ್ತದೆ. ಅದರ ಲೆಕ್ಕದಲ್ಲಿ ರಾಯಚೂರಿನ ಸೂರ್ಯ ನಮ್ಮ ಗಡಿಯಾರಗಳಿಗಿಂತ ಸರಾಸರಿ ಇಪ್ಪತ್ತು ನಿಮಿಷ ತಡ. ಮಾನ್ವಿಯಲ್ಲಿ ಅದಕ್ಕಿಂತ ಒಂದು ನಿಮಿಷಕ್ಕೂ ತುಸು ಹೆಚ್ಚು ತಡ. ದೇವದುರ್ಗದಲ್ಲಿ ಸುಮಾರು ನೂರು ಸೆಕೆಂಡು ತಡ. ಎಂದರೆ ರಾಯಚೂರಿನಲ್ಲಿ ಬಸ್ಸು ಹತ್ತಿ ಗಬ್ಬೂರಿನ ಮೇಲೆ ಹಾಯ್ದು ದೇವದುರ್ಗದಲ್ಲಿ ಇಳಿಯುವ ಹೊತ್ತಿಗೆ ನಮ್ಮ ಹುಡುಗಿಯ ಗಡಿಯಾರ ಐದಾರು ದಿನಗಳಲ್ಲಿ ಮಾಡುವಷ್ಟು ತಪ್ಪನ್ನು ಭೂಮಿಯೇ ಮಾಡಿ ಮುಗಿಸಿರುತ್ತದೆ! ಪಂಚಾಂಗದವರಿಗೆ ಇದು ಗೊತ್ತು. ಜಾತಕ ಬರೆಯುವಾಗ ಊರಿನ ರೇಖಾಂಶಕ್ಕೆ ತಕ್ಕಂತೆ ಹೊತ್ತನ್ನು ತಿದ್ದಿಕೊಳ್ಳುತ್ತಾರೆ. ಅವರ ಒಂದು ಘಳಿಗೆ ನಮ್ಮ 24 ನಿಮಿಷ, ಒಂದು ವಿಘಳಿಗೆ 24 ಸೆಕೆಂಡು. ಆ ಲೆಕ್ಕದಲ್ಲಿ ದಿನಕ್ಕೆ 18 ಸೆಕೆಂಡು ತಪ್ಪುವ ಗಡಿಯಾರ ವಿಘಳಿಗೆಯನ್ನೂ ತಪ್ಪಿದ್ದಲ್ಲ.

ಜಾತಕದ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಅದನ್ನು ಅವಳಿಗೂ ಹೇಳಿದೆ. ನಾಡಿ ಎಣಿಸುವುದು ಅವಧಿಯ ಅಳತೆ; ಅಲ್ಲಿ ಈ ಗಡಿಯಾರ ನಿಶ್ಚಿಂತೆ. ಆದರೆ ಕೂಸು ಹುಟ್ಟಿದ ಹೊತ್ತು, ಇಂಜೆಕ್ಷನ್ ಕೊಟ್ಟ ಹೊತ್ತು, ಜೀವ ಹೋದ ಹೊತ್ತು, ಇವು ಕಾಲದ ನಮೂದುಗಳು. ಅಲ್ಲಿ ದಿನದಿನದ ತಪ್ಪು ಕೂಡುತ್ತಾ ಹೋಗಿ ತಿಂಗಳಿಗೆ 9 ನಿಮಿಷವಾಗುತ್ತದೆ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಲಗ್ನ ಸರಿಯುತ್ತದೆಂದು ನಂಬುವ ತಂದೆತಾಯಿಗಳ ಮಾತು ಹಾಗಿರಲಿ, ಆಸ್ಪತ್ರೆಯ ದಾಖಲೆ ಕೋರ್ಟಿನವರೆಗೂ ಹೋಗಬಹುದು. ಹೆರಿಗೆ ಕೋಣೆಯಲ್ಲಿ ಹೇಗೂ ಕೈಗಡಿಯಾರ ಕಳಚಿಡುವುದೇ ಕ್ರಮ; ಗೋಡೆಯ ಗಡಿಯಾರವನ್ನೇ ನೋಡಿ ಬರೆಯಬೇಕು, ಅದನ್ನು ವಾರಕ್ಕೊಮ್ಮೆ ಮೊಬೈಲಿನ ಹೊತ್ತಿಗೆ ಹೋಲಿಸಬೇಕು.

ನನ್ನ ತಂದೆ ದೇವದುರ್ಗದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಅವರ ಕೈಯಲ್ಲಿ ಎಚ್‌ಎಂಟಿ ಜನತಾ ಇತ್ತು. ಕೀಲಿ ಕೊಡುವ, ಸೆಕೆಂಡಿಗೆ ಐದು ಸಲ ಮಿಡಿಯುವ, 17 ಹರಳಿನ ಗಡಿಯಾರ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಕೀಲಿ, ಸಂಜೆ ಆಕಾಶವಾಣಿಯ ವಾರ್ತೆಗೆ ಮುನ್ನ ಬರುವ 'ಪೀಂ' ಸದ್ದಿಗೆ ಮುಳ್ಳನ್ನು ಸರಿಮಾಡುವುದು, ಇದು ಅವರ ದಿನಚರಿ. ಗಡಿಯಾರ ತಪ್ಪುತ್ತದೆಂಬುದು ಅವರಿಗೆ ದೂರು ಆಗಿರಲೇ ಇಲ್ಲ. ಹೊಲಕ್ಕೆ ಕಳೆ ಬರುವಂತೆ ಗಡಿಯಾರಕ್ಕೆ ತಪ್ಪು ಬರುತ್ತದೆ, ಕಾಲಕಾಲಕ್ಕೆ ತೆಗೆಯಬೇಕು ಎಂದಷ್ಟೇ ತಿಳಿದಿದ್ದರು. ನಮ್ಮ ತಲೆಮಾರಿಗೆ ಆಟೊಮ್ಯಾಟಿಕ್ ಎಂದರೆ ಎಚ್‌ಎಂಟಿ ಕಾಂಚನ. ನನ್ನ ಮದುವೆಯಲ್ಲಿ ಮಾವನವರು ಅದನ್ನೇ ಕೊಟ್ಟರು. ಕೊಟ್ಟರು ಎನ್ನುವುದಕ್ಕಿಂತ ನಮ್ಮ ಕಡೆಯವರು ಅದೇ ಬೇಕೆಂದು ಹಟ ಹಿಡಿದಿದ್ದರು ಎಂಬುದು ನಿಜ; ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅದು ಎಷ್ಟು ಸೆಕೆಂಡು ತಪ್ಪುತ್ತಿತ್ತೆಂದು ನಾನು ಒಂದು ದಿನವೂ ನೋಡಲಿಲ್ಲ. ಕೈಮೇಲಿದ್ದರೆ ಸಾಕಿತ್ತು.

ಎಚ್‌ಎಂಟಿ 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಸತೊಡಗಿತು. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ ಬಂತು. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಅದರ ಬಗ್ಗೆ ಕಣ್ಣೀರು ಹಾಕುವ ಲೇಖನಗಳು ಸಾಕಷ್ಟು ಬಂದಿವೆ, ಇನ್ನೊಂದು ಬೇಡ. ನನ್ನ ಚಿಂತೆ ಬೇರೆ. ಕಾರ್ಖಾನೆ ಹೋದದ್ದರ ಜೊತೆಗೆ ಊರೂರಿನಲ್ಲಿ ಅದನ್ನು ನಂಬಿ ಬದುಕಿದ್ದ ರಿಪೇರಿಯ ವಿದ್ಯೆಯೂ ಹೋಗುತ್ತಿದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತ ಆ ಮನುಷ್ಯನನ್ನು ಮಾನ್ವಿಯಲ್ಲಾಗಲೀ ದೇವದುರ್ಗದಲ್ಲಾಗಲೀ ಇಂದು ಹುಡುಕಿ ನೋಡಿ. ಬ್ಯಾಟರಿ ಬದಲಿಸುವವರು, ಪಟ್ಟಿ ಹಾಕುವವರು ಸಿಗುತ್ತಾರೆ. ತೋಲನ ಚಕ್ರ ಬಿಚ್ಚಿ ತೊಳೆದು ಎಣ್ಣೆ ಹಾಕಬಲ್ಲವರು ಬೆರಳೆಣಿಕೆಗೂ ಸಿಗುವುದಿಲ್ಲ. ಆಟೊಮ್ಯಾಟಿಕ್ ಗಡಿಯಾರಗಳ ಹೊಸ ಶೋಕಿ ಪಟ್ಟಣಗಳಿಗೆ ಬಂದಿದೆ. ಐದಾರು ವರ್ಷಕ್ಕೊಮ್ಮೆ ಅವುಗಳಿಗೆ ಬೇಕಾಗುವ ಸೇವೆ ಮಾತ್ರ ಬಂದಿಲ್ಲ. ಮಾರುವವರು ಹಳ್ಳಿಯವರೆಗೂ ಬರುತ್ತಾರೆ, ದುರಸ್ತಿಗೆ ನಾವೇ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು. ಐಟಿಐಗಳಲ್ಲಿ ಮೊಬೈಲು ದುರಸ್ತಿ ಕಲಿಸುವ ಸರ್ಕಾರ ಒಂದು ಮೇಜು, ಒಂದು ಮಸೂರ, ಗಡಿಯಾರದ ಮಿಡಿತ ಅಳೆಯುವ ಒಂದು ಯಂತ್ರ ಕೊಟ್ಟು ಜಿಲ್ಲೆಗೆ ನಾಲ್ವರು ಹುಡುಗ ಹುಡುಗಿಯರಿಗೆ ಈ ವಿದ್ಯೆ ಕಲಿಸಿದರೆ ಬೊಕ್ಕಸ ಬರಿದಾಗುವುದಿಲ್ಲ.

ಹೀಗೆಲ್ಲ ಇದ್ದರೂ ಕೊಳ್ಳುತ್ತೇನೆ ಎನ್ನುವವರಿಗೆ ಅನುಭವದ ಕೆಲವು ಮಾತು. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ಒಳಗಿರುವ ಯಂತ್ರದ ಹೆಸರು ಮತ್ತು ಅದಕ್ಕೆ ತಯಾರಕರು ಹೇಳುವ ದಿನದ ತಪ್ಪಿನ ಮಿತಿ. ಹೇಳಲು ಬಾರದವನ ಬಳಿ ಕೊಳ್ಳಬೇಡಿ. ತಿರುಪನ್ನು ಹೊರಗೆಳೆದಾಗ ಸೆಕೆಂಡಿನ ಮುಳ್ಳು ನಿಲ್ಲುತ್ತದೆಯೇ ನೋಡಿ. ನಿಂತರೆ ಮೊಬೈಲಿನ ಹೊತ್ತಿಗೆ ಸರಿಯಾಗಿ ಹೊಂದಿಸಲು ಬರುತ್ತದೆ. ಹಳೆಯ ಎಚ್‌ಎಂಟಿ, ಹಳೆಯ ಸೀಕೊ ಎಂದು ಅಗ್ಗದಲ್ಲಿ ಮಾರುವವುಗಳ ಬಗ್ಗೆ ಜೋಕೆ. ಮುಖಕ್ಕೆ ಹೊಸ ಬಣ್ಣ ಬಳಿದು, ಮೂರು ಗಡಿಯಾರಗಳ ಅವಶೇಷ ಕೂಡಿಸಿ ಒಂದು ಮಾಡಿದ ಮಾಲು ದೇಶದ ತುಂಬ ಓಡಾಡುತ್ತಿದೆ. ನೀಲಿ, ಕೆಂಪು, ಕಿತ್ತಳೆಯ ಥಳಕು ಹೆಚ್ಚಿದ್ದಷ್ಟೂ ಅನುಮಾನವೂ ಹೆಚ್ಚಿರಲಿ.

ಕೊಂಡ ಮೇಲೆ ಹತ್ತು ದಿನ ಒಂದೇ ಹೊತ್ತಿಗೆ ಅದನ್ನು ಮೊಬೈಲಿಗೆ ಹೋಲಿಸಿ ಬರೆದಿಡಿ. ನೋಡಬೇಕಾದದ್ದು ತಪ್ಪಿನ ಗಾತ್ರವನ್ನಲ್ಲ, ಅದರ ಸ್ಥಿರತೆಯನ್ನು. ದಿನಾಲೂ 18 ಸೆಕೆಂಡು ಮುಂದೆ ಓಡುವ ಗಡಿಯಾರ ಒಳ್ಳೆಯದು. ಒಳಗಿನ ಪುಟ್ಟ ಸನ್ನೆಯೊಂದನ್ನು ತುಸು ಸರಿಸಿದರೆ ಅದು ದಾರಿಗೆ ಬರುತ್ತದೆ. ಇಂದು 15 ಮುಂದೆ, ನಾಳೆ 20 ಹಿಂದೆ ಎನ್ನುವ ಗಡಿಯಾರಕ್ಕೆ ಮಾತ್ರ ನಿಜವಾದ ಕಾಯಿಲೆ. ಒಮ್ಮೆಲೇ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಬಹುಮಟ್ಟಿಗೆ ಅದಕ್ಕೆ ಅಯಸ್ಕಾಂತ ತಗುಲಿದೆ ಎಂದು ತಿಳಿಯಿರಿ. ಮೊಬೈಲಿನ ಸ್ಪೀಕರು, ಅಯಸ್ಕಾಂತದ ಗುಂಡಿಯ ಕೈಚೀಲ ಇವೇ ಅಪರಾಧಿಗಳು. ಅದನ್ನು ಇಳಿಸುವುದು ಅರೆನಿಮಿಷದ ಕೆಲಸ. ರಾತ್ರಿ ಗಡಿಯಾರವನ್ನು ಅಂಗಾತ ಇಡುತ್ತೀರೋ, ಓರೆಯಾಗಿ ನಿಲ್ಲಿಸುತ್ತೀರೋ ಎಂಬುದರಿಂದಲೂ ಕೆಲವು ಸೆಕೆಂಡಿನ ವ್ಯತ್ಯಾಸ ಬರುತ್ತದೆ. ನಿಮ್ಮ ಗಡಿಯಾರದ ಸ್ವಭಾವ ನಿಮಗೇ ತಿಳಿಯಬೇಕು, ಒಂದರಂತೆ ಒಂದಿಲ್ಲ. ರಾತ್ರಿ ಒಂಬತ್ತರಿಂದ ನಸುಕಿನ ಮೂರರವರೆಗೆ ತಾರೀಖು ಬದಲಿಸಲು ಹೋಗಬೇಡಿ, ಹಲ್ಲು ಮುರಿಯುತ್ತದೆ. ಕೈಯಿಂದ ತೆಗೆದಿಟ್ಟರೆ ಸುಮಾರು 40 ಗಂಟೆಯಲ್ಲಿ ನಿಲ್ಲುತ್ತದೆ. ನನ್ನಂತೆ ನಿವೃತ್ತರಾಗಿ ಕುರ್ಚಿ ಬಿಟ್ಟೇಳದವರ ಕೈಯಲ್ಲಿ ಅದಕ್ಕಿಂತ ಮೊದಲೂ ನಿಲ್ಲಬಹುದು, ಗಡಿಯಾರವನ್ನು ಬೈಯಬೇಡಿ.

ತಮ್ಮನ ಮಗಳು ಹತ್ತು ದಿನದ ಲೆಕ್ಕ ಬರೆದು ತಂದಳು: 17, 18, 19, 18, 18, 17... ರೋಗಿಯ ಜ್ವರದ ಪಟ್ಟಿಯಂತೆ ಗೀಟು ಎಳೆದು ಅಚ್ಚುಕಟ್ಟಾಗಿ ಬರೆದಿದ್ದಳು. ಅದನ್ನು ಹಿಡಿದುಕೊಂಡು ತೀನ್ ಕಂದೀಲ್ ಹತ್ತಿರ ಕುಳಿತುಕೊಳ್ಳುವ ಹಿರಿಯ ರಿಪೇರಿಯವರೊಬ್ಬರ ಬಳಿ ಇಬ್ಬರೂ ಹೋದೆವು. ಅವರು ಗಡಿಯಾರ ಕಿವಿಗೆ ಹಿಡಿದರು, ಪಟ್ಟಿ ಓದಿದರು, ನಕ್ಕರು. 'ಎರಡು ನಿಮಿಷದ ಕೆಲಸ, ಬೆನ್ನು ಬಿಚ್ಚಿದರ ಗ್ಯಾರಂಟಿ ಹೋಗತದ, ನಾ ಬಿಚ್ಚಂಗಿಲ್ಲ' ಎಂದು ಹಿಂದಿರುಗಿಸಿದರು. ಎರಡು ತಿಂಗಳು ಬೆಂಗಳೂರಿಗೆ ಕಳಿಸಲು ಇವಳಿಗೆ ಮನಸ್ಸಿಲ್ಲ. ಸದ್ಯಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ತಿರುಪು ಎಳೆದು ಎರಡು ನಿಮಿಷ ಹಿಂದೆ ಸರಿಸಿಕೊಳ್ಳುತ್ತಾಳೆ. ಗ್ಯಾರಂಟಿ ಮುಗಿಯುವುದು ಬರುವ ವರ್ಷದ ಯುಗಾದಿಯ ಹೊತ್ತಿಗೆ. ಆಗ ತರುತ್ತೇವೆಂದು ಹೇಳಿದಾಗ ಆ ಹಿರಿಯರು, ಮಗ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ, ಈ ಜಾಗವನ್ನೂ ಕೇಳುತ್ತಿದ್ದಾನೆ, ಅಲ್ಲಿಯವರೆಗೆ ಕುಳಿತಿರುತ್ತೇನೋ ಇಲ್ಲವೋ ನೋಡಬೇಕು ಎಂದರು.